ಹರ್ಗೇಸಾ ನಗರದ ಎರಡು ಆಸ್ಪತ್ರೆಗಳು

ಶ್ರೀಮಠದ ಮಹೋತ್ಸವದ ಈ ಸ್ಮರಣಸಂಪುಟದಲ್ಲಿ ಮಠದ ಪೂರ್ವೇತಿಹಾಸವನ್ನೂ, ಪಾಠಶಾಲೆ ಮತ್ತು ಪ್ರಸಾದನಿಲಯಗಳ ವೃತ್ತಾಂತವನ್ನೂ ನನಗಿಂತ ಚೆನ್ನಾಗಿ ಬಲ್ಲ ವಿದ್ವಾಂಸರು ಬರೆದಿರುವರು. ನನ್ನಿಂದಲೂ ಒಂದು ಚರಿತ್ರಲೇಖನವನ್ನು ಸಂಪಾದಕಮಂಡಲಿಯವರು ಅಪೇಕ್ಷಿಸಿದಾಗ, ಪರದೇಶಗಳಲ್ಲಿ ವೈದ್ಯರಾಗಿಯೂ ಯಂತ್ರಶಾಸ್ತ್ರಜ್ಞರಾಗಿಯೂ ಇರುವ ನಮ್ಮ ಶಿಷ್ಯವರ್ಗದವರು ಊರಿಗೆ ಬಂದಾಗಲೆಲ್ಲ ಕೇಳುವ ಒಂದು ಪ್ರಶ್ನೆಯು ನೆನಪಿಗೆ ಬಂದಿತು. "ಶಾಸ್ತ್ರಿಗಳೇ, ಹುಟ್ಟಿದ ಊರಿಗೆ ದೂರದಲ್ಲಿದ್ದುಕೊಂಡು ನಾವೇನು ಮಾಡಬಹುದು?" ಎಂಬುದೇ ಆ ಪ್ರಶ್ನೆ. ಇದಕ್ಕೆ ನಾಲ್ಕು ಶಾಸ್ತ್ರವಾಕ್ಯಗಳನ್ನು ಉದ್ಧರಿಸಿ ಉತ್ತರ ಹೇಳಿಬಿಡುವುದು ಪಾಠಶಾಲೆಯ ಗೋಡೆಗಳೊಳಗೆ ಬೆಳೆದ ನನ್ನಂಥವನಿಗೆ ಸುಲಭವೇ ಸರಿ. ಆದರೆ ಆ ಉತ್ತರವನ್ನು ತಮ್ಮ ಬಾಳಿನಿಂದಲೇ ಕೊಟ್ಟವರ ಚರಿತ್ರೆಯೊಂದು ಇರುವಾಗ ವಾಕ್ಯಗಳ ಆಶ್ರಯವೇಕೆ? ಅವರು ನಮ್ಮ ನಾಡಿನವರಲ್ಲ, ನಮ್ಮ ಮತದವರೂ ಅಲ್ಲ; ಅರಬ್ಬೀ ಸಮುದ್ರದ ಆಚೆಯ ದಡದವರು. ವಾಚಕರು ಸ್ವಲ್ಪ ದೂರ ನನ್ನೊಡನೆ ಬರಬೇಕಾಗಿ ಪ್ರಾರ್ಥನೆ.

ಆಫ್ರಿಕಾ ಖಂಡವು ಪೂರ್ವದಿಕ್ಕಿನಲ್ಲಿ ಕೊಂಬಿನಂತೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಭಾಗದಲ್ಲಿ, ಏಡನ್ ಬಂದರಿಗೆ ಎದುರಾಗಿ, ಸೊಮಾಲಿಲ್ಯಾಂಡ್ ಎಂಬ ದೇಶವಿರುವುದು. ಅದು ಬಹುಮಟ್ಟಿಗೆ ಬೆಂಗಾಡು. ಮಳೆ ಕಡಿಮೆ, ಉಳುಮೆ ಅದಕ್ಕಿಂತಲೂ ಕಡಿಮೆ. ಒಂಟೆ, ಕುರಿ, ಆಡುಗಳನ್ನು ಮೇಯಿಸುತ್ತ ನೀರಿದ್ದ ಕಡೆಗೆ ಸಂಚರಿಸುವುದೇ ಅಲ್ಲಿನ ಜನರ ಪರಂಪರಾಗತ ಜೀವನ. ೧೮೮೪ರ ಸುಮಾರಿನಿಂದ ಬ್ರಿಟಿಷರು ಅಲ್ಲಿನ ಕುಲಗಳೊಡನೆ ಒಪ್ಪಂದಗಳನ್ನು ಮಾಡಿಕೊಂಡು ತಮ್ಮ ರಕ್ಷಣಾಧಿಕಾರವನ್ನು ಸ್ಥಾಪಿಸಿದರು. ಏಡನ್ನಿನ ದಂಡಿಗೆ ಬೇಕಾದ ಕುರಿಗಳು ಆ ಕರಾವಳಿಯಿಂದ ಬರಬೇಕಾಗಿದ್ದುದೇ ಅವರಿಗಿದ್ದ ಮುಖ್ಯ ಪ್ರಯೋಜನ. ೧೮೯೮ರವರೆಗೂ ಆ ನಾಡು ಹಿಂದೂಸ್ಥಾನದ ಸರ್ಕಾರದ ಅಧೀನದಲ್ಲಿ ಏಡನ್ನಿನ ಮೂಲಕ ಆಳಲ್ಪಡುತ್ತಿದ್ದಿತು. ನಮ್ಮ ರೂಪಾಯಿಯೇ ಅಲ್ಲಿ ಬಹುಕಾಲ ಚಲಾವಣೆಯಲ್ಲಿದ್ದಿತು. ನಮಗೂ ಅವರಿಗೂ ಸಂಬಂಧವೇ ಇಲ್ಲವೆಂದು ಯಾರಾದರೂ ಹೇಳುವುದಾದರೆ ಈ ರೂಪಾಯಿಯನ್ನು ನೆನೆಯಬಹುದು. ಆದರೆ ಕುರಿಗಾಗಿ ಇಟ್ಟುಕೊಂಡ ದೇಶದಲ್ಲಿ ಶಾಲೆ ಆಸ್ಪತ್ರೆಗಳಿಗೆ ಹಣ ಸುರಿಯುವ ದೊರೆಗಳುಂಟೇ? ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿಯೂ ಅಲ್ಲಿ ಶಾಲೆಗಳು ಬೆರಳೆಣಿಕೆಯಷ್ಟೇ ಇದ್ದುವು.

ಆದುದರಿಂದ ಹೊರಗೆ ಹೋಗುವುದು ಆ ಜನರಿಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೊಮಾಲಿ ನಾವಿಕರು ಹೊಗೆಹಡಗುಗಳ ಕುಲುಮೆಗಳಿಗೆ ಕಲ್ಲಿದ್ದಲನ್ನು ತುಂಬುವ ಕೆಲಸಕ್ಕೆ ಸೇರಿ, ಬ್ರಿಟನ್ನಿನ ಕಾರ್ಡಿಫ್ ಬಂದರಿನಲ್ಲಿ ನೆಲೆಸಿ, ಉಳಿಸಿದ ದುಡ್ಡನ್ನು ಊರಿಗೆ ಕಳುಹಿಸುತ್ತಿದ್ದರು. ಆ ದುಡ್ಡು ಒಂಟೆಯಾಗುತ್ತಿತ್ತು, ಮದುವೆಯಾಗುತ್ತಿತ್ತು, ಶಾಲೆಯಾಗುತ್ತಿದ್ದುದು ಅಪರೂಪ. ಮುಂದೆ ೧೯೭೦ರ ದಶಕದಲ್ಲಿ ಅರಬ್ಬೀ ದೇಶಗಳ ಎಣ್ಣೆಯ ಕೆಲಸಕ್ಕೆ ಹೋದವರು ಬಹುಮಂದಿ. ಇವರ ಹಣವನ್ನು ಮುಟ್ಟಿಸುವುದಕ್ಕೆ ನಮ್ಮ ಸಾಹುಕಾರರ ಹುಂಡಿಯಂಥದೇ ಒಂದು ಏರ್ಪಾಡು ಬೆಳೆಯಿತು. ಪರದೇಶದಲ್ಲಿ ಒಬ್ಬ ವರ್ತಕನ ಕೈಯಲ್ಲಿ ಹಣವನ್ನಿಟ್ಟರೆ, ಅವನ ಮಾತಿನ ಮೇಲೆ ಊರಿನ ವರ್ತಕನು ಆ ಮನೆಯವರಿಗೆ ಎಣಿಸಿಕೊಡುವನು. ಇಂಥ ಮನೆತನಗಳಲ್ಲಿ ೧೯೭೦ರಲ್ಲಿ ಬುರಾವೊ ಪಟ್ಟಣದಲ್ಲಿ ಆರಂಭವಾದ ದಹಬ್‌ಶೀಲ್ ಎಂಬುದು ಅತ್ಯಂತ ಪ್ರಸಿದ್ಧವಾದುದು. ಯುದ್ಧಗಳಲ್ಲಿ ಸರ್ಕಾರಿ ಬ್ಯಾಂಕುಗಳು ಮುರಿದುಬಿದ್ದ ಮೇಲೆಯೂ ಈ ನಂಬಿಕೆಯ ಸರಪಳಿ ಕಡಿಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

೧೯೬೦ನೆಯ ಜೂನ್ ೨೬ರಂದು ಬ್ರಿಟಿಷ್ ಸೊಮಾಲಿಲ್ಯಾಂಡ್ ಸ್ವತಂತ್ರವಾಗಿ, ಐದೇ ದಿನಗಳಲ್ಲಿ, ಇಟಲಿಯವರ ವಶದಲ್ಲಿದ್ದ ದಕ್ಷಿಣದ ಸೊಮಾಲಿಯಾದೊಡನೆ ಕೂಡಿಕೊಂಡಿತು. ರಾಜಧಾನಿಯು ದಕ್ಷಿಣದ ಮೊಗದಿಶುವಾಯಿತು. ಉತ್ತರದ ಮುಖ್ಯ ನಗರವಾದ ಹರ್ಗೇಸಾವು ಮೂಲೆಗೆ ಬಿದ್ದಿತು. ೧೯೬೯ರಲ್ಲಿ ಸೇನಾಧಿಪತಿಯಾದ ಸಿಯಾದ್ ಬರೆ ಎಂಬವನು ರಾಜ್ಯಾಧಿಕಾರವನ್ನು ಅಪಹರಿಸಿದನು. ೧೯೭೭-೭೮ರಲ್ಲಿ ಇಥಿಯೋಪಿಯಾದ ಮೇಲೆ ಅವನು ಮಾಡಿದ ಯುದ್ಧವು ಸೋಲಿನಲ್ಲಿ ಮುಗಿದು, ನಿರಾಶ್ರಿತರ ಪ್ರವಾಹವು ಉತ್ತರದ ಕಡೆಗೆ ಹರಿಯಿತು. ಇಲ್ಲಿಂದ ನಮ್ಮ ಕಥೆಯ ಮೊದಲ ಆಸ್ಪತ್ರೆಯು ಆರಂಭವಾಗುವುದು.

ಅದು ಬ್ರಿಟಿಷರ ಕಾಲದಲ್ಲಿ ಕಟ್ಟಿದ ಹರ್ಗೇಸಾದ ದೊಡ್ಡ ಸರ್ಕಾರಿ ಆಸ್ಪತ್ರೆ. ೧೯೮೦ರ ಸುಮಾರಿಗೆ ಅದು ಆಸ್ಪತ್ರೆಯೆಂಬ ಹೆಸರಿಗೆ ಮಾತ್ರ ಉಳಿದಿದ್ದಿತು. ಮಂಚಗಳು ಸಾಲದು, ಔಷಧವಿಲ್ಲ, ನೀರು ದೀಪಗಳಿಗೆ ನೆಲೆಯಿಲ್ಲ. ಆ ಕಾಲದಲ್ಲಿ ಹೊರದೇಶಗಳಲ್ಲಿಯೂ ಮೊಗದಿಶುವಿನಲ್ಲಿಯೂ ವಿದ್ಯೆಯನ್ನು ಮುಗಿಸಿ ಮರಳಿದ ಕೆಲವು ತರುಣರು ಅಲ್ಲಿ ಒಟ್ಟುಗೂಡಿದರು. ಅವರಲ್ಲಿ ವೈದ್ಯರಿದ್ದರು, ಉಪಾಧ್ಯಾಯರಿದ್ದರು, ಯಂತ್ರಶಾಸ್ತ್ರ ಬಲ್ಲವರಿದ್ದರು. ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಅದಾನ್ ಯೂಸುಫ್ ಅಬೋಕರ್ ಅವರೂ, ಮೊಹಮದ್ ಬರೂದ್ ಅಲಿ ಎಂಬವರೂ ಆ ಗುಂಪಿನವರೇ. ಇವರು ಮಾಡಿದ ಕೆಲಸವಾದರೂ ಏನು? ಆಸ್ಪತ್ರೆಯನ್ನು ಗುಡಿಸಿ ತೊಳೆದರು. ಊರಿನ ವರ್ತಕರ ಅಂಗಡಿಗಳಿಗೆ ಹೋಗಿ ಮಂಚ ಹಾಸಿಗೆಗಳಿಗೆ ಹಣ ಬೇಡಿದರು. ಜರ್ಮನಿಯ ವೈದ್ಯರ ಸಹಾಯವನ್ನು ದೊರಕಿಸಿಕೊಂಡರು. ಉಪಾಧ್ಯಾಯರಿಲ್ಲದ ಶಾಲೆಗಳಲ್ಲಿ ಸಂಬಳವಿಲ್ಲದೆ ಪಾಠ ಹೇಳಿದರು. ಇಷ್ಟೇ. ನಮ್ಮ ಊರುಗಳಲ್ಲಿ ಹೀಗೆ ಮಾಡಿದವರಿಗೆ ಜಾತ್ರೆಯ ದಿನ ಶಾಲು ಹೊದಿಸುವೆವು.

ಹರ್ಗೇಸಾದಲ್ಲಿ ಅವರಿಗೆ ದೊರೆತುದು ಬೇಡಿ. ಸರ್ಕಾರವು ಮಾಡದೆ ಬಿಟ್ಟ ಕೆಲಸವನ್ನು ಪ್ರಜೆಗಳು ತಾವಾಗಿ ಮಾಡಿದರೆ, ಸರ್ಕಾರದ ಅನಾಸ್ಥೆಯು ಎಲ್ಲರ ಕಣ್ಣಿಗೂ ಬೀಳುವುದಷ್ಟೆ. ನಿರಂಕುಶಪ್ರಭುವಿಗೆ ಕತ್ತಿ ಹಿಡಿದವನಿಗಿಂತ ಪೊರಕೆ ಹಿಡಿದವನ ಭಯ ಹೆಚ್ಚೆಂದು ಇಲ್ಲಿ ನನಗೆ ತೋರುವುದು. ೧೯೮೧ರ ನವೆಂಬರಿನಲ್ಲಿ ಅವರನ್ನು ಹಿಡಿಯಲಾರಂಭಿಸಿದರು. ಅನಧಿಕೃತವಾದ ಸಂಘವನ್ನು ಕಟ್ಟಿದರೆಂದೂ, ಮಳೆಗೆ ಮುಂಚೆ ಬೀಸುವ ಬಿರುಗಾಳಿಯೆಂಬರ್ಥದ 'ಉಫ್ಫೊ' ಎಂಬ ಹೆಸರಿನ ಕರಪತ್ರವನ್ನು ಹಂಚಿದರೆಂದೂ ಅಪರಾಧವನ್ನು ಹೊರಿಸಿದರು. ೧೯೮೨ನೆಯ ಫೆಬ್ರವರಿ ೨೦ರಂದು, ವಿಚಾರಣೆಯ ಕಾಲದಲ್ಲಿ, ಹರ್ಗೇಸಾದ ಶಾಲೆಗಳ ಹುಡುಗರು, ಅಂದರೆ ಇವರಿಂದ ಪಾಠ ಹೇಳಿಸಿಕೊಂಡವರೇ, ಬೀದಿಗಿಳಿದು ಕಲ್ಲು ತೂರಿದರು. ಸೈನಿಕರು ಗುಂಡು ಹಾರಿಸಿದರು. ಮಕ್ಕಳ ರಕ್ತವು ಬೀದಿಯಲ್ಲಿ ಬಿದ್ದಿತು. ಸುಮಾರು ಇಪ್ಪತ್ತು ಮಂದಿಗೆ ದೀರ್ಘಕಾಲದ ಸೆರೆ, ಕೆಲವರಿಗೆ ಆಜೀವ ಸೆರೆ ವಿಧಿಸಲ್ಪಟ್ಟಿತು.

ಅವರನ್ನು ದಕ್ಷಿಣದ ಲಬಾತನ್ ಜಿರೋ ಎಂಬ ಸೆರೆಮನೆಗೆ ಒಯ್ದು ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಏಕಾಂತವಾಗಿ ಇಟ್ಟರು. ಮಾತನಾಡುವಂತಿಲ್ಲ, ಕಾಗದ ಬರೆಯುವಂತಿಲ್ಲ, ಮನೆಯವರು ಬದುಕಿರುವರೋ ಇಲ್ಲವೋ ತಿಳಿಯುವಂತಿಲ್ಲ. ಆಗ ಅವರು ಗೋಡೆಯನ್ನು ತಟ್ಟಿ ಮಾತನಾಡುವ ಉಪಾಯವನ್ನು ಕಂಡುಕೊಂಡರು. ಅಕ್ಷರಕ್ಕೆ ಇಷ್ಟಿಷ್ಟು ತಟ್ಟು ಎಂದು ಸಂಕೇತ. ಒಂದು ಕೋಣೆಯಿಂದ ಮುಂದಿನ ಕೋಣೆಗೆ ಸುದ್ದಿಯು ಹೀಗೆ ಸಾಗುವುದು. ಕೆಲವು ವರ್ಷಗಳು ಕಳೆದ ಮೇಲೆ ಡಾಕ್ಟರ್ ಅಬೋಕರ್ ಅವರಿಗೆ ಒಂದು ಪುಸ್ತಕವನ್ನು ಇಟ್ಟುಕೊಳ್ಳಲು ಅಪ್ಪಣೆಯಾಯಿತು. ಅದು ರಷ್ಯಾದೇಶದ ಟಾಲ್‌ಸ್ಟಾಯ್ ಮಹಾಶಯನ 'ಅನ್ನಾ ಕರೆನಿನಾ' ಎಂಬ ಕಾದಂಬರಿ. ನೂರಾರು ಪುಟಗಳ ಗ್ರಂಥ. ಪಕ್ಕದ ಕೋಣೆಯಲ್ಲಿದ್ದ ಬರೂದ್ ಅವರು ಆ ದಿನಗಳಲ್ಲಿ ಬಹಳ ಕುಗ್ಗಿಹೋಗಿದ್ದರು. ಮದುವೆಯಾಗಿ ಕೆಲವೇ ತಿಂಗಳಾಗಿದ್ದಾಗ ಅವರು ಸೆರೆಯಾದವರು. ಹೆಂಡತಿಯು ತಮ್ಮನ್ನು ಮರೆತಿರಬಹುದೆಂಬ ಕಹಿ ಅವರ ಮನಸ್ಸನ್ನು ಕೊರೆಯುತ್ತಿದ್ದಿತು. ವೈದ್ಯರು ಆ ಇಡೀ ಗ್ರಂಥವನ್ನು, ಅಕ್ಷರಕ್ಕೆ ಅಕ್ಷರ, ಗೋಡೆಯ ಮೇಲೆ ತಟ್ಟಿ ಅವರಿಗೆ ಓದಿಹೇಳಿದರು. ಆ ಕಥೆಯ ನಾಯಿಕೆಯ ದುಃಖವನ್ನು ಕೇಳುತ್ತ ಕೇಳುತ್ತ ತಮ್ಮ ಹೆಂಡತಿಯ ದುಃಖವು ತಮಗೆ ಅರ್ಥವಾಯಿತೆಂದೂ, ಮನಸ್ಸಿನ ಕಹಿ ಕರಗಿತೆಂದೂ ಬರೂದ್ ಅವರು ಅನಂತರ ಹೇಳಿಕೊಂಡಿರುವರು. ಗುರುಮುಖದಿಂದ ಕೇಳಿ ಕಂಠಪಾಠ ಮಾಡಿದ ನಾವು ವಿದ್ಯಾದಾನವೆಂಬ ಮಾತನ್ನು ಬಹಳ ಸಲ ಬಳಸುತ್ತೇವೆ. ಬೆರಳ ಗೆಣ್ಣುಗಳಿಂದ ಮಾಡಿದ ವಿದ್ಯಾದಾನವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಔಷಧವಿಲ್ಲದ ಸ್ಥಳದಲ್ಲಿಯೂ ಆ ವೈದ್ಯರು ವೈದ್ಯರಾಗಿಯೇ ಇದ್ದರೆಂಬುದನ್ನೂ ಸೇರಿಸಬೇಕು.

ಅವರ ಬಿಡುಗಡೆಯಾದುದು ೧೯೮೯ರಲ್ಲಿ. ಅಷ್ಟರಲ್ಲಿ ಅವರು ಗುಡಿಸಿ ತೊಳೆದ ಊರೇ ಉಳಿದಿರಲಿಲ್ಲ. ೧೯೮೮ರಲ್ಲಿ ಉತ್ತರದವರ ದಂಗೆಯನ್ನು ಅಡಗಿಸುವುದಕ್ಕೋಸ್ಕರ ಸಿಯಾದ್ ಬರೆಯ ವಿಮಾನಗಳು ಹರ್ಗೇಸಾದ ವಿಮಾನನಿಲ್ದಾಣದಿಂದಲೇ ಮೇಲೆದ್ದು ಹರ್ಗೇಸಾದ ಮೇಲೆಯೇ ಬಾಂಬುಗಳನ್ನು ಸುರಿದುವು. ತನ್ನ ನಗರವನ್ನು ತನ್ನ ಅಂಗಳದಿಂದಲೇ ಸುಟ್ಟ ದೊರೆ ಚರಿತ್ರೆಯಲ್ಲಿ ವಿರಳ. ನಗರದ ಬಹುಭಾಗವು ನೆಲಸಮವಾಯಿತು. ಹತ್ತಾರು ಸಾವಿರ ಜನರು ಸತ್ತರು. ಲಕ್ಷಾಂತರ ಜನರು ನಡೆದುಕೊಂಡೇ ಇಥಿಯೋಪಿಯಾದ ಗಡಿಯನ್ನು ದಾಟಿದರು. ಅಲ್ಲಿಂದ ಕೆಲವರು ಬ್ರಿಟನ್ನಿಗೆ, ಕೆನಡಾಕ್ಕೆ, ಅಮೆರಿಕದ ಮಿನ್ನೆಸೋಟಾಕ್ಕೆ, ಸ್ಕ್ಯಾಂಡಿನೇವಿಯಾದ ಹಿಮದ ದೇಶಗಳಿಗೆ ಚದುರಿಹೋದರು. ೧೯೯೧ನೆಯ ಮೇ ೧೮ರಂದು ಉತ್ತರದವರು ತಮ್ಮ ನಾಡು ಮರಳಿ ಸ್ವತಂತ್ರವಾಯಿತೆಂದು ಘೋಷಿಸಿದರು. ಆದರೆ ದಶಕಗಳ ಕಾಲ ಜಗತ್ತಿನ ರಾಜ್ಯಗಳು ಅದನ್ನು ರಾಜ್ಯವೆಂದು ಮನ್ನಿಸಲಿಲ್ಲ. ಮನ್ನಣೆಯಿಲ್ಲದ ರಾಜ್ಯಕ್ಕೆ ಅಂತಾರಾಷ್ಟ್ರೀಯ ಬ್ಯಾಂಕುಗಳ ಸಾಲ ಹುಟ್ಟದು. ಕಲ್ಲಿನ ಮೇಲೆ ಕಲ್ಲಿಡುವ ಭಾರವೆಲ್ಲ ಒಳಗೆ ಉಳಿದವರ ಮೇಲೂ ಹೊರಗೆ ಚದುರಿದವರ ಮೇಲೂ ಬಿದ್ದಿತು.

ಹೊರಗಿನವರು ಮೊದಲು ಕಳುಹಿಸಿದುದು ಮನೆಯವರ ಹೊಟ್ಟೆಗೆ. ಅದು ನ್ಯಾಯವೇ. ಅನಂತರ ಒಂದೊಂದು ಪಟ್ಟಣದವರು ತಮ್ಮ ತಮ್ಮ ಪಟ್ಟಣಕ್ಕಾಗಿ ಕೂಡಿ ಹಣವೆತ್ತುವ ವಾಡಿಕೆ ಬೆಳೆಯಿತು. ಪಶ್ಚಿಮದ ಬೊರಾಮಾ ಪಟ್ಟಣದ ಬಳಿ, ಬ್ರಿಟಿಷರ ಕಾಲದ ಅಮೂದ್ ಪ್ರೌಢಶಾಲೆಯ ಹಳೆಯ ಕಟ್ಟಡಗಳಲ್ಲಿ, ೧೯೯೮ರಲ್ಲಿ ಅಮೂದ್ ವಿಶ್ವವಿದ್ಯಾನಿಲಯವು ತೆರೆಯಿತು. ಊರಿನವರು ದುಡಿದರು, ಹೊರದೇಶದವರು ಹಣವನ್ನೂ ಪುಸ್ತಕಗಳನ್ನೂ ಕಳುಹಿಸಿದರು. ಎರಡು ವರ್ಷಗಳ ತರುವಾಯ ಹರ್ಗೇಸಾದಲ್ಲಿಯೂ ಒಂದು ವಿಶ್ವವಿದ್ಯಾನಿಲಯವಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರು ಬಂದು ಪಾಠ ಹೇಳಿ ಪರೀಕ್ಷೆ ಮಾಡುವ ಏರ್ಪಾಡಾಯಿತು. ೨೦೦೭ರಲ್ಲಿ ಅಮೂದ್‌ನಿಂದ ಮೊದಲ ವೈದ್ಯರ ತಂಡವು ಪದವಿ ಪಡೆಯಿತು.

ಇನ್ನು ಎರಡನೆಯ ಆಸ್ಪತ್ರೆ. ಇದರ ವೃತ್ತಾಂತವು ಒಬ್ಬ ತಾಯಿಯ ವೃತ್ತಾಂತವೇ ಆಗಿರುವುದು.

ಎಡ್ನಾ ಅದಾನ್ ಇಸ್ಮಾಯೀಲ್ ಎಂಬಾಕೆ ೧೯೩೭ರಲ್ಲಿ ಹರ್ಗೇಸಾದಲ್ಲಿ ಜನಿಸಿದಳು. ತಂದೆ ಅದಾನ್ ಇಸ್ಮಾಯೀಲರು ಆ ಊರಿನ ಪ್ರಖ್ಯಾತ ವೈದ್ಯರು. ಹೆಣ್ಣುಮಕ್ಕಳಿಗೆ ಆಗ ಅಲ್ಲಿ ಶಾಲೆಯಿರಲಿಲ್ಲ. ಗಂಡುಹುಡುಗರಿಗೆಂದು ಮನೆಗೆ ಬರುತ್ತಿದ್ದ ಉಪಾಧ್ಯಾಯನ ಪಾಠವನ್ನು ಕೇಳಿ ಅಕ್ಷರ ಕಲಿತ ಮಗಳನ್ನು ತಂದೆಯು ನೆರೆಯ ಜಿಬೂತಿಗೆ ಓದಲು ಕಳುಹಿಸಿದರು. ರಜೆಗೆ ಬಂದಾಗ ಆಕೆ ತಂದೆಯ ಆಸ್ಪತ್ರೆಯಲ್ಲಿ ಹಳೆಯ ಬಟ್ಟೆಗಳನ್ನು ಹರಿದು ಪಟ್ಟಿಗಳನ್ನು ಮಾಡುವಳು, ಇಕ್ಕಳಗಳನ್ನು ತೊಳೆಯುವಳು. ಅಲ್ಲಿಯ ಕೊರತೆಗಳನ್ನು ಕಂಡು, ತನ್ನ ತಂದೆಯಂಥವರು ಸಂತೋಷದಿಂದ ಕೆಲಸ ಮಾಡಬಹುದಾದ ಒಂದು ಆಸ್ಪತ್ರೆಯನ್ನು ಕಟ್ಟಬೇಕೆಂಬ ಹಂಬಲವು ಆ ವಯಸ್ಸಿನಲ್ಲಿಯೇ ಮೊಳೆಯಿತಂತೆ. ೧೯೫೪ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಇಂಗ್ಲೆಂಡಿಗೆ ಹೋಗಿ ದಾದಿಯ ವಿದ್ಯೆಯನ್ನೂ ಸೂಲಗಿತ್ತಿಯ ವಿದ್ಯೆಯನ್ನೂ ಕಲಿತು, ೧೯೬೧ರಲ್ಲಿ ಮರಳಿದಳು. ಸೊಮಾಲಿ ಸ್ತ್ರೀಯರಲ್ಲಿ ಆ ವಿದ್ಯೆಯನ್ನು ಕ್ರಮವಾಗಿ ಕಲಿತವರಲ್ಲಿ ಆಕೆಯೇ ಮೊದಲಿಗಳು.

ಆಕೆಯ ಪತಿಯಾಗಿದ್ದ ಮೊಹಮದ್ ಹಾಜಿ ಇಬ್ರಾಹಿಂ ಇಗಾಲ್ ಅವರು ೧೯೬೭ರಿಂದ ೧೯೬೯ರವರೆಗೆ ಸೊಮಾಲಿಯಾದ ಪ್ರಧಾನಮಂತ್ರಿಗಳು. ಆ ವೈಭವವೂ ಅದರ ಪತನವೂ ಇಲ್ಲಿ ನಮಗೆ ಮುಖ್ಯವಲ್ಲ. ಮುಖ್ಯವಾದುದು ಮತ್ತೊಂದು. ಆ ನಾಡಿನಲ್ಲಿ ಹೆಣ್ಣುಕೂಸುಗಳ ಅಂಗಚ್ಛೇದ ಮಾಡುವ ಒಂದು ಘೋರವಾದ ರೂಢಿಯುಂಟು. ಹೆರಿಗೆಯಲ್ಲಿ ಅದರಿಂದಾಗುವ ಹಿಂಸೆಯನ್ನು ಸೂಲಗಿತ್ತಿಯ ಕಣ್ಣು ಕಂಡಷ್ಟು ಬೇರೆ ಯಾರ ಕಣ್ಣೂ ಕಾಣದು. ತಂದೆಯು ಊರಲ್ಲಿಲ್ಲದಾಗ ಬಾಲ್ಯದಲ್ಲಿ ಆಕೆಗೂ ಅದನ್ನು ಮಾಡಿಸಿದ್ದರು; ಮರಳಿ ಬಂದ ತಂದೆಯು ಕಣ್ಣೀರಿಟ್ಟರೆಂದು ಆಕೆ ಹೇಳಿರುವಳು. ೧೯೭೬ರಲ್ಲಿ, ಯಾರೂ ಬಾಯಿಬಿಟ್ಟು ಆಡದಿದ್ದ ಈ ಮಾತನ್ನು ಆಕೆ ಸಭೆಯಲ್ಲಿ ಆಡಿದಳು. ಹಿರಿಯರು ನಡೆಸಿಕೊಂಡು ಬಂದರೆಂಬ ಒಂದೇ ಕಾರಣದಿಂದ ರೂಢಿಯು ಧರ್ಮವಾಗದೆಂದು ಹೇಳುವವರು ಎಲ್ಲ ದೇಶಗಳಲ್ಲಿಯೂ ಕಡಿಮೆ.

ಮುಂದೆ ಆಕೆ ವಿಶ್ವ ಆರೋಗ್ಯ ಸಂಸ್ಥೆಯನ್ನು ಸೇರಿ, ೧೯೯೭ರವರೆಗೆ ಜಿಬೂತಿಯಲ್ಲಿ ಅದರ ಪ್ರತಿನಿಧಿಯಾಗಿದ್ದು ನಿವೃತ್ತಳಾದಳು. ಅದಕ್ಕೆ ಹಿಂದೆ ಮೊಗದಿಶುವಿನಲ್ಲಿ ತನ್ನ ಹಂಬಲದ ಆಸ್ಪತ್ರೆಗೆ ಗೋಡೆಗಳನ್ನು ಎಬ್ಬಿಸಿದ್ದಳು. ಅಂತರ್ಯುದ್ಧವು ಅದನ್ನು ನುಂಗಿತ್ತು. ಅರುವತ್ತು ವರ್ಷದ, ನಿವೃತ್ತಿವೇತನವುಳ್ಳ ಹೆಂಗಸು ಯಾವುದಾದರೂ ತಂಪಾದ ದೇಶದಲ್ಲಿ ಮನೆ ಮಾಡಿಕೊಂಡಿದ್ದರೆ ಲೋಕವು ತಪ್ಪೆನ್ನುತ್ತಿರಲಿಲ್ಲ. ಆಕೆ ತನ್ನ ಕಾರನ್ನು ಮಾರಿದಳು, ಒಡವೆಗಳನ್ನು ಮಾರಿದಳು, ನಿವೃತ್ತಿಯ ಹಣವನ್ನೆಲ್ಲ ಗಂಟುಕಟ್ಟಿಕೊಂಡು ಹಾಳುಬಿದ್ದ ಹರ್ಗೇಸಾಕ್ಕೆ ಬಂದಳು. ಆಕೆಗೆ ದೊರೆತ ಸ್ಥಳವು ಊರಿನ ಕಸವನ್ನು ಸುರಿಯುತ್ತಿದ್ದ ಬಯಲು. ಸಿಯಾದ್ ಬರೆಯ ಕಾಲದಲ್ಲಿ ಮನುಷ್ಯರನ್ನು ಕೊಲ್ಲಿಸುತ್ತಿದ್ದ ಸ್ಥಳವೂ ಅದೇ. ಅಲ್ಲಿ ಸೂತಿಕಾಗೃಹವನ್ನು ಕಟ್ಟತೊಡಗಿದಳು. ಇಂಥ ಬಡನಾಡಿಗೆ ಇಷ್ಟು ದೊಡ್ಡ ಆಸ್ಪತ್ರೆಯು ಅತಿಯಾಯಿತೆಂದು ಬುದ್ಧಿ ಹೇಳಿದವರು ಉಂಟು.

ಗೋಡೆಗಳು ಎದ್ದುವು, ಛಾವಣಿಗೆ ಹಣವಿಲ್ಲದೆ ಕೆಲಸವು ನಿಂತಿತು. ೧೯೯೯ರಲ್ಲಿ ಛಾವಣಿಯಿಲ್ಲದ ಈ ಆಸ್ಪತ್ರೆಯ ಸುದ್ದಿಯು ಅಮೆರಿಕದ ಒಂದು ದೊಡ್ಡ ಪತ್ರಿಕೆಯಲ್ಲಿ ಬಂದಿತು. ಅದನ್ನು ಓದಿದ ಅಪರಿಚಿತರು ಕೆಲವರೂ, ಮಿನ್ನೆಸೋಟಾದಲ್ಲಿ ನೆಲೆಸಿದ್ದ ಸೊಮಾಲಿಗರೂ ಅವರ ನೆರೆಹೊರೆಯವರೂ ಕೂಡಿ ಒಂದು ಮಿತ್ರಮಂಡಳಿಯಾಗಿ ಹಣವನ್ನು ಕಳುಹಿಸಿದರು. ಯುದ್ಧದಲ್ಲಿ ಮನೆಮಾರು ಕಳೆದುಕೊಂಡು ಹಿಮದ ನಾಡಿನಲ್ಲಿ ಬಾಳು ಕಟ್ಟುತ್ತಿದ್ದವರು ಕಳುಹಿಸಿದ ಹಣವದು. ೨೦೦೨ನೆಯ ಮಾರ್ಚ್ ೯ರಂದು ಆಸ್ಪತ್ರೆಯು ತೆರೆಯಿತು.

ಕಟ್ಟಡವು ಮುಗಿಯುವುದಕ್ಕೆ ಮುಂಚೆಯೇ ಆಕೆ ಮಾಡಿದ ಒಂದು ಕೆಲಸವನ್ನು ನಾನು ಕಟ್ಟಡಕ್ಕಿಂತಲೂ ದೊಡ್ಡದೆಂದು ಎಣಿಸುವೆನು. ೨೦೦೦ದಿಂದಲೇ ಆ ನಾಡಿನ ಹುಡುಗಿಯರಿಗೆ ದಾದಿಯ ವಿದ್ಯೆಯನ್ನು ಕಲಿಸತೊಡಗಿದಳು. ಯುದ್ಧದಲ್ಲಿ ತಿಳಿದ ದಾದಿಯರು ಸತ್ತಿದ್ದರು, ಇಲ್ಲವೆ ಓಡಿಹೋಗಿದ್ದರು. ಕಲಿಸುವವರಿಲ್ಲದೆ ಆಸ್ಪತ್ರೆಗಳನ್ನು ತೆರೆದು ಫಲವೇನು? ಹರ್ಗೇಸಾವು ದೊಡ್ಡ ನಗರ. ಆದರೆ ಹೆರಿಗೆಯ ನೋವು ಬಂದ ಹೆಂಗಸು ಒಂಟೆಗಳ ಜೊತೆಯಲ್ಲಿ ಮೂರು ದಿನದ ದಾರಿಯಾಚೆ ಇರುವಳು. ಅವಳ ಬಳಿಗೆ ಆಸ್ಪತ್ರೆಯು ನಡೆದು ಹೋಗದು, ಸೂಲಗಿತ್ತಿಯೊಬ್ಬಳು ಹೋಗಬಲ್ಲಳು. ಆದುದರಿಂದ ದೂರದ ಸೀಮೆಗಳ ಹುಡುಗಿಯರನ್ನು ಕರೆತಂದು, ಕಲಿಸಿ, ಅವರವರ ಸೀಮೆಗೆ ಕಳುಹಿಸುವ ಏರ್ಪಾಡಾಯಿತು. ಸಾವಿರ ಸೂಲಗಿತ್ತಿಯರನ್ನು ತಯಾರಿಸಬೇಕೆಂಬುದು ಆಕೆಯ ಸಂಕಲ್ಪ. ಆಸ್ಪತ್ರೆಯಲ್ಲಿ ಜನಿಸಿದ ಕೂಸುಗಳ ಸಂಖ್ಯೆಯು ಇಪ್ಪತ್ತು ಸಾವಿರವನ್ನು ಮೀರಿತು. ಶಿಕ್ಷಣಶಾಲೆಯು ಬೆಳೆದು ಆಕೆಯ ಹೆಸರಿನದೇ ಒಂದು ವಿಶ್ವವಿದ್ಯಾನಿಲಯವಾಯಿತು.

ಆಸ್ಪತ್ರೆಗೂ ಆಕೆಯ ಹೆಸರೇ ಇರುವುದೆಂಬುದನ್ನು ಮರೆಮಾಚಲಾರೆ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನಿಗಳನ್ನು ಕುರಿತು ನನಗೆ ಸ್ವಲ್ಪ ಸಂಕೋಚವುಂಟು. ಈ ಸಂಪುಟದ ಕೊನೆಯಲ್ಲಿ ದಾನಿಗಳ ಪಟ್ಟಿಯೇ ಅಚ್ಚಾಗುವುದರಿಂದ ಆ ಮಾತನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ. ಆಕೆಯ ವಿಷಯದಲ್ಲಿ ಮಾತ್ರ ಇಷ್ಟನ್ನು ಹೇಳಬಹುದು: ಹೆಸರನ್ನು ಗೋಡೆಯ ಮೇಲಿಟ್ಟು ಆಕೆ ಬೇರೆಡೆಗೆ ಹೋಗಲಿಲ್ಲ. ಆ ಕಟ್ಟಡದೊಳಗೇ ಒಂದು ಕಡೆ ತನ್ನ ವಾಸವನ್ನು ಮಾಡಿಕೊಂಡಳು. ೨೦೦೩ರಿಂದ ೨೦೦೬ರವರೆಗೆ ಸೊಮಾಲಿಲ್ಯಾಂಡಿನ ವಿದೇಶಮಂತ್ರಿಯಾಗಿದ್ದಾಗಲೂ ಆಸ್ಪತ್ರೆಯನ್ನು ಬಿಡಲಿಲ್ಲ.

ಪರದೇಶದ ನಮ್ಮ ಶಿಷ್ಯರು ಕೇಳುವ ಪ್ರಶ್ನೆಯೊಳಗೆ "ದೂರದಲ್ಲಿದ್ದುಕೊಂಡು" ಎಂಬ ಮಾತೊಂದಿದೆ. ಅಬೋಕರ್ ಮತ್ತು ಬರೂದ್ ಅವರಿಗೂ ಎಡ್ನಾ ತಾಯಿಗೂ ಆ ಮಾತು ಸಲ್ಲದು. ಅವರು ಬಂದು ನಿಂತವರು. ಆದರೆ ಮಿನ್ನೆಸೋಟಾದವರ ಛಾವಣಿಯಿಲ್ಲದಿದ್ದರೆ ಆ ತಾಯಿಯ ಗೋಡೆಗಳು ಮಳೆಯಲ್ಲಿ ನೆನೆಯುತ್ತಿದ್ದುವೆಂಬುದೂ ಅಷ್ಟೇ ನಿಜ. ದೂರದಿಂದ ಬಂದ ಹಣವು ಊರಲ್ಲಿ ನಿಂತವರ ಕೈಗೆ ಸೇರಿದ ಕಡೆ ಕೆಲಸವು ನಿಂತಿತು. ನಿಂತವರಿಲ್ಲದ ಕಡೆ ಹಣವು ಏನಾಗುವುದೆಂಬುದನ್ನು ನಮ್ಮ ನಾಡಿನಲ್ಲಿಯೇ ಬೀಗ ಹಾಕಿದ ಒಂದೆರಡು ಧರ್ಮಾರ್ಥ ಔಷಧಾಲಯಗಳ ಮುಂದೆ ನಿಂತು ನಾನು ನೋಡಿದ್ದೇನೆ. ಕಲಿತ ದಾದಿಯರೂ ವೈದ್ಯರೂ ಮತ್ತೆ ಹೊರದೇಶದ ಹೆಚ್ಚಿನ ಸಂಬಳಕ್ಕೆ ಹೊರಟುಹೋಗುವ ಬಾಧೆಯು ಆ ನಾಡಿಗೂ ತಪ್ಪಿದ್ದಲ್ಲ, ನಮ್ಮ ನಾಡಿಗೂ ತಪ್ಪಿದ್ದಲ್ಲ. ಹೋಗುವವರನ್ನು ತಡೆಯುವ ಉಪಾಯವನ್ನು ಅಲ್ಲಿ ಯಾರೂ ಹುಡುಕಿದಂತಿಲ್ಲ. ಅವರು ಹುಡುಕಿದುದು ಮತ್ತಷ್ಟು ಜನರಿಗೆ ಕಲಿಸುವ ಉಪಾಯವನ್ನು.

ಬಿಡುಗಡೆಯಾದವರಲ್ಲಿ ಬರೂದ್ ಅವರು ತಮ್ಮ ಸೆರೆವಾಸದ ವೃತ್ತಾಂತವನ್ನು ೨೦೧೦ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಹೆಂಡತಿಯು ಅವರನ್ನು ಮರೆತಿರಲಿಲ್ಲ. ಬಿಡುಗಡೆಯ ತರುವಾಯ ಇಬ್ಬರೂ ಕೂಡಿದರು. ಡಾಕ್ಟರ್ ಅಬೋಕರ್ ಅವರು ಹರ್ಗೇಸಾಕ್ಕೆ ಮರಳಿ ಸಾರ್ವಜನಿಕ ಕಾರ್ಯಗಳಲ್ಲಿ ತೊಡಗಿದರು. ಅವರು ಗುಡಿಸಿದ ಹಳೆಯ ಆಸ್ಪತ್ರೆಯನ್ನು ಯುದ್ಧಾನಂತರ ಮತ್ತೆ ಎಬ್ಬಿಸಿ ನಡೆಸಲಾಯಿತು. ೨೦೨೩ರಲ್ಲಿ ಎಡ್ನಾ ತಾಯಿಗೆ ಟೆಂಪಲ್‌ಟನ್ ಪಾರಿತೋಷಕವು ದೊರೆಯಿತು. ಅದರ ಮೊತ್ತವು ಹತ್ತು ಲಕ್ಷ ಪೌಂಡುಗಳಿಗೂ ಮೇಲ್ಪಟ್ಟುದು. ಎಂಬತ್ತೈದು ವರ್ಷ ತುಂಬಿದ್ದ ಆಕೆ ಅದರಲ್ಲಿ ಒಂದು ಪಾಲನ್ನು ಆಸ್ಪತ್ರೆಗೆ ಬೇಕಾದ ಉಪಕರಣಗಳಿಗೂ, ಸೂಲಗಿತ್ತಿಯರ ಶಿಕ್ಷಣಕ್ಕೂ ಎತ್ತಿಟ್ಟಳು.